ಹಾರವಿಲ್ಲದ ಫೋಟೋ

ಬಸವಪ್ರಸಾದನಿಗೆ ಮಾನ್ವಿಯಲ್ಲಿ ಅಕ್ಕಿ ಗಿರಣಿ ಇತ್ತು, ರಾಯಚೂರಿನಲ್ಲಿ ಎರಡಂತಸ್ತಿನ ಮನೆ ಇತ್ತು, ಆ ಮನೆಯ ಮೇಲಂತಸ್ತಿನಲ್ಲಿ ಅವನ ಹುಚ್ಚು ಇತ್ತು. ಹುಚ್ಚೆಂದರೆ ಯುದ್ಧದ ಪದಕಗಳ ಹುಚ್ಚು. ಉಳಿದ ಗಿರಣಿ ಮಾಲೀಕರು ಹೊಲ ಕೊಂಡರು, ಪ್ಲಾಟು ಕೊಂಡರು, ಚುನಾವಣೆಗೆ ನಿಂತು ಕೈ ಸುಟ್ಟುಕೊಂಡರು. ಇವನು ಮಾತ್ರ ಯಾರ ಯಾರದೋ ಎದೆಯ ಮೇಲಿದ್ದ ಬಿಲ್ಲೆಗಳನ್ನು ಹುಡುಕಿ ತಂದು, ನೀಲಿ ಮಖಮಲ್ಲು ಹಾಸಿದ ಗಾಜಿನ ಕಪಾಟಿನಲ್ಲಿ ಜೋಡಿಸಿ, ಭಾನುವಾರ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಒರೆಸುತ್ತ ಕೂಡುತ್ತಿದ್ದ. ಹೆಂಡತಿ ಸ್ವಪ್ನಾ ಅದಕ್ಕೆ ಬಿಲ್ಲೆ ಪೂಜೆ ಎಂದು ಹೆಸರಿಟ್ಟಿದ್ದಳು. ನೈವೇದ್ಯವೊಂದು ಕಡಿಮೆ ಎಂದು ಬಂದವರೆದುರು ಚೇಷ್ಟೆ ಮಾಡುತ್ತಿದ್ದಳು.

ಈ ಹುಚ್ಚಿನವರ ಲೆಕ್ಕದಲ್ಲಿ ಒಂಟಿ ಪದಕಕ್ಕೆ ಮರ್ಯಾದೆ ಕಡಿಮೆ. ಒಬ್ಬನೇ ಮನುಷ್ಯನ ಎಲ್ಲ ಪದಕಗಳು, ಅವನ ಕಾಗದಪತ್ರ, ಅವನ ಫೋಟೋ, ಇಷ್ಟೂ ಒಟ್ಟಿಗೆ ಸಿಕ್ಕರೆ ಅದು ಪೂರ್ತಿ ಗುಂಪು. ಅಂಥ ಗುಂಪೊಂದು ಬಸವಪ್ರಸಾದನ ಬಳಿ ಇರಲಿಲ್ಲ. ಅದರಲ್ಲೂ ವಾಯುಸೇನೆಯವನದು, ಅದರಲ್ಲೂ ನಮ್ಮ ಜಿಲ್ಲೆಯವನದು ಸಿಗುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಸಿಕ್ಕಿದ್ದು ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಗುಜರಿ ಅಂಗಡಿ ಇಟ್ಟ ಮೀರಾಹುಸೇನನ ಕೈಯಲ್ಲಿ. ಹಳೆಯ ಟ್ರಂಕಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಪದಕವನ್ನು ಅವನು ಇವನಿಗೆಂದೇ ಎತ್ತಿಟ್ಟಿದ್ದ. ನಮ್ಮ ದೇಶದ ಪದಕಗಳ ಅಂಚಿನಲ್ಲಿ ಪಡೆದವನ ನಂಬರು, ಹೆಸರು ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ಸಾರ್ಜೆಂಟ್ ಅಯ್ಯಪ್ಪ ಎಂದಿತ್ತು. ಬಸವಪ್ರಸಾದ ವಾಯುಸೇನೆಯ ನಿವೃತ್ತರ ಸಂಘಗಳಿಗೆ ಬರೆದ, ಸಿಕಂದರಾಬಾದಿನ ಹಳೆಯ ಅಧಿಕಾರಿಯೊಬ್ಬರಿಗೆ ಫೋನಿನ ಮೇಲೆ ಫೋನು ಮಾಡಿದ. ಅಯ್ಯಪ್ಪ ಸಾಮಾನು ಸಾಗಿಸುವ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯಾಚೆ ಹೋದ ವಿಮಾನ ತಿರುಗಿ ಬರಲಿಲ್ಲ. ಊರು ದೇವದುರ್ಗ ತಾಲೂಕಿನ ಮಸರಕಲ್. ಹೆಂಡತಿ ಇನ್ನೂ ಇದ್ದಾಳೆ, ಹೆಸರು ಹನುಮಂತಮ್ಮ.

ಪದಕವನ್ನು ಮನೆಯವರಿಗೆ ಮುಟ್ಟಿಸಿ ಬರುತ್ತೇನೆ ಎಂದು ಬಸವಪ್ರಸಾದ ಕಾರು ಹತ್ತಿದ. ಒಂದನ್ನು ಕೊಡಲು ಹೊರಟವನ ಕಣ್ಣು ಉಳಿದವುಗಳ ಮೇಲಿತ್ತು ಎಂಬುದನ್ನು ನಾವು ಮುಚ್ಚಿಡುವುದು ಬೇಡ.

ಹನುಮಂತಮ್ಮನನ್ನು ನೋಡಿ ಅವನು ಬಾಗಿಲಲ್ಲೇ ತಡವರಿಸಿದ. ವಿಧವೆಯೊಬ್ಬಳನ್ನು ಕಾಣಲು ಬಂದಿದ್ದ. ಎದುರಿಗೆ ನಿಂತವಳು ಎಪ್ಪತ್ತು ದಾಟಿದ ಮುತ್ತೈದೆ: ಹಣೆಯಲ್ಲಿ ಕಾಸಿನಗಲ ಕುಂಕುಮ, ಎರಡೂ ಕೈಗೆ ಹಸಿರು ಬಳೆ, ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ. ಗೋಡೆಯ ಮೇಲೆ ಸಾಲಾಗಿ ಫೋಟೋಗಳಿದ್ದವು. ಅವಳ ಮಾವನಿಗೆ ಹಾರ ಇತ್ತು, ಅತ್ತೆಗೆ ಹಾರ ಇತ್ತು, ಮೈದುನನಿಗೂ ಇತ್ತು. ಸಮವಸ್ತ್ರದಲ್ಲಿ ನಗುತ್ತಿದ್ದ ಅಯ್ಯಪ್ಪನ ಫೋಟೋ ಮಾತ್ರ ಬರಿದಾಗಿತ್ತು. ಆದರೆ ಅದರ ಗಾಜಿನ ಮೇಲೆ ಧೂಳಿನ ಕಣವೂ ಇರಲಿಲ್ಲ.

ಮೈದುನನ ಮಗ ಪ್ರಭುರಾಜ ದೇವದುರ್ಗ ಡಿಪೋದಲ್ಲಿ ಬಸ್ ಕಂಡಕ್ಟರ್. ಅವನು ಬಸವಪ್ರಸಾದನನ್ನು ಅಂಗಳಕ್ಕೆ ಕರೆದು ಸಣ್ಣ ದನಿಯಲ್ಲಿ ವಿಷಯ ತಿಳಿಸಿದ. ದೊಡ್ಡಪ್ಪನ ಹೆಣ ಬರಲಿಲ್ಲ, ಆದ್ದರಿಂದ ಮಣ್ಣು ಮಾಡಲಿಲ್ಲ, ತಿಥಿಯ ದಿನ ಮಾಡಲಿಲ್ಲ. ಹೀಗಾಗಿ ದೊಡ್ಡವ್ವ ಮುತ್ತೈದೆಯಾಗಿಯೇ ಉಳಿದಳು. ಬರೀ ಉಳಿದದ್ದಲ್ಲ, ಊರ ಹಿರಿ ಮುತ್ತೈದೆಯಾದಳು. ಯಾರ ಮನೆಯಲ್ಲಿ ಮದುವೆಯಾದರೂ ಅರಿಷಿಣ ಕುಟ್ಟುವಾಗ ಒನಕೆಗೆ ಮೊದಲ ಕೈ ಅವಳದೇ. ವರ್ಷಕ್ಕೊಮ್ಮೆ ಪಿಂಚಣಿಗಾಗಿ ತಾನು ಬದುಕಿದ್ದೇನೆಂದು ತೋರಿಸಲು ದೇವದುರ್ಗದ ಬ್ಯಾಂಕಿಗೆ ಹೋಗುತ್ತಾಳೆ. ಅಲ್ಲಿಯ ಕಾಗದದಲ್ಲಿ ಗಂಡ ಸತ್ತವಳು, ಹಣೆಯಲ್ಲಿ ಕುಂಕುಮ. ಅಲ್ಲಿನವರು ಕಾಗದ ನೋಡುತ್ತಾರೆ, ಮುಖ ನೋಡುತ್ತಾರೆ, ರುಜು ಹಾಕಿಸಿಕೊಂಡು ಕಳಿಸುತ್ತಾರೆ. ಇಷ್ಟು ಹೇಳಿ ಪ್ರಭುರಾಜ ನಕ್ಕ. ತನ್ನ ಮಗಳು ಭಾಗ್ಯಜ್ಯೋತಿಗೂ ಹಿರೇಕೊಟ್ನೆಕಲ್ಲಿನ ಕಡೆ ಸಂಬಂಧ ನೋಡುತ್ತಿದ್ದೇವೆ, ಆಗಲೂ ಒನಕೆ ಹಿಡಿಯುವವಳು ದೊಡ್ಡವ್ವನೇ ಎಂದ.

ಪಾಪ, ಮುದುಕಿ ಇನ್ನೂ ಗಂಡನ ದಾರಿ ಕಾಯುತ್ತಿದ್ದಾಳೆ ಎಂದುಕೊಂಡ ಬಸವಪ್ರಸಾದ. ಓದಿದವನಿಗೆ ಕನಿಕರ ಬಹಳ ಬೇಗ ಬರುತ್ತದೆ. ಅರ್ಥವಾಗುವುದು ಮಾತ್ರ ನಿಧಾನ.

ಹಳೆಯ ಟ್ರಂಕಿನೊಂದಿಗೆ ಗುಜರಿಗೆ ಹೋಗಿ ಕಳೆದಿದ್ದ ಪದಕವನ್ನು ಕೈಗಿಟ್ಟಾಗ ಹನುಮಂತಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಅದರಲ್ಲಿ ಉಳಿದ ಪದಕಗಳಿದ್ದವು, ಅಯ್ಯಪ್ಪ ತನ್ನ ಹಾರಾಟಗಳನ್ನು ಬರೆದಿಟ್ಟ ಲಾಗ್‌ಬುಕ್ ಇತ್ತು, ವಿಮಾನದ ಮುಂದೆ ಗೆಳೆಯರೊಂದಿಗೆ ನಿಂತ ಚಿತ್ರ ಇತ್ತು. ಪೂರ್ತಿ ಗುಂಪು. ಬಸವಪ್ರಸಾದ ಪದಕಗಳನ್ನು ಒಂದೊಂದಾಗಿ ತಿರುಗಿಸಿ ಅಂಚಿನ ಹೆಸರು ಓದಿದ. ಇವಕ್ಕೆ ಹೊಸ ರಿಬ್ಬನ್ನು ಹಾಕಿಸಿ, ಫೋಟೋದೊಂದಿಗೆ ಗಾಜಿನ ಕಟ್ಟು ಹಾಕಿಸಿ, ವಿಮಾನಕ್ಕೆ ಏನಾಯಿತೆಂದು ಹುಡುಕಿ ತಿಳಿದು ಎಲ್ಲವನ್ನೂ ತಿರುಗಿ ಕೊಡುತ್ತೇನೆ ಎಂದ. ಕೊಡುತ್ತೇನೆ ಎಂದದ್ದು ಸುಳ್ಳಲ್ಲ. ಆ ಮಾತು ಆಡುವಾಗಲೇ ನೀಲಿ ಮಖಮಲ್ಲಿನ ಮೇಲೊಂದು ಖಾಲಿ ಜಾಗ ಅವನ ಕಣ್ಣಿಗೆ ಕಟ್ಟಿದ್ದೂ ಸುಳ್ಳಲ್ಲ.

"ಒಯ್ರಿ ಸಾವ್ಕಾರ್ರ," ಎಂದಳು ಹನುಮಂತಮ್ಮ. "ಒಂದ ಮಾತು ಅದ. ಅವ್ರ ಫೋಟೋಕ್ಕ ಹಾರ ಹಾಕಬ್ಯಾಡ್ರಿ. ಯಾರಿಗೂ ಹಾಕಗೊಡಬ್ಯಾಡ್ರಿ."

ಬಸವಪ್ರಸಾದ ಅಂಗಿಯ ಮೇಲಿಂದ ಎದೆಯ ಲಿಂಗ ಮುಟ್ಟಿಕೊಂಡ. "ಲಿಂಗದಾಣಿ, ಹಾಕಗೊಡಂಗಿಲ್ಲ ಯವ್ವಾ."

ಡಬ್ಬಿ ಹಿಡಿದು ಅವನು ಹೊರಡುವ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ. ಹಿತ್ತಲಿನಿಂದ ಸುತ್ತು ಹಾಕಿ ಓಣಿಯ ನಳಕ್ಕೆ ಹೋಗಿದ್ದಳು. ಅವನು ಕಾರಿನ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ತುಂಬಿದ ಕೊಡ ನಡುವಿನ ಮೇಲಿಟ್ಟುಕೊಂಡು ಎದುರಿಗೆ ಬಂದಳು. ತುಂಬಿದ ಕೊಡದ ಮುತ್ತೈದೆ ಎದುರಾದರೆ ಹೊರಟ ಕೆಲಸ ಆಗಲೇಬೇಕು. ಶಕುನವನ್ನೂ ತಾನೇ ನಿಂತು ಮಾಡಿಸುವ ದೊಡ್ಡವ್ವ ಇವಳೊಬ್ಬಳೇ ಎಂದು ಪ್ರಭುರಾಜ ಚುಡಾಯಿಸಿದ. ಹನುಮಂತಮ್ಮ ನಾಚಿ ನಕ್ಕಳು. ಬಳೆಗಳು ಕೊಡಕ್ಕೆ ತಾಗಿ ಸದ್ದು ಮಾಡಿದವು.

ಶಕುನ ಹುಸಿ ಹೋಗಲಿಲ್ಲ, ಹೋಗಿದ್ದರೆ ಚೆನ್ನಾಗಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಬಸವಪ್ರಸಾದನಿಗೆ ಎಲ್ಲವೂ ಸಿಕ್ಕಿತು. ಅಯ್ಯಪ್ಪ ಇದ್ದ ವಾಯುನೆಲೆಯಲ್ಲೇ ಮೆಕ್ಯಾನಿಕ್ ಆಗಿದ್ದ ಒಬ್ಬ ಮುದುಕರು ಸಿಕ್ಕರು. ಅವರಿಂದ, ಯುದ್ಧ ಮುಗಿದ ಮೇಲೆ ಆ ಜಾಗಕ್ಕೆ ಹೋಗಿ ಬಂದ ಇನ್ನೊಬ್ಬರು ಸಿಕ್ಕರು. ವಿಮಾನಕ್ಕೆ ಕೆಳಗಿನಿಂದ ಗುಂಡು ತಾಗಿ ಬೆಂಕಿ ಹತ್ತಿತ್ತು. ಅಯ್ಯಪ್ಪ ಕಡೆಯ ತನಕ ರೇಡಿಯೋದಲ್ಲಿ ಮಾತನಾಡುತ್ತಲೇ ಇದ್ದ. ಒಂದು ಹೊಳೆಯ ದಂಡೆಯಲ್ಲಿ ವಿಮಾನ ಬಿತ್ತು. ಆ ಊರಿನ ಜನ ಸಿಕ್ಕಷ್ಟು ದೇಹಗಳನ್ನು ಅಲ್ಲೇ ಮಣ್ಣು ಮಾಡಿದರು. ಅಲ್ಲಿ ಸಿಕ್ಕ, ಸೈನಿಕರು ಕೊರಳಲ್ಲಿ ಹಾಕುವ ನಂಬರಿನ ಬಿಲ್ಲೆಗಳಲ್ಲಿ ಅಯ್ಯಪ್ಪನದೂ ಇತ್ತು. ಇದನ್ನೆಲ್ಲ ಬರೆದು ಮುಗಿಸಿದ ದಿನ ಬಸವಪ್ರಸಾದನಿಗೆ ಊಟ ರುಚಿಸಿತು. ಅದನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ.

ಹನುಮಂತಮ್ಮನಿಗೆ ಮಾತ್ರ ಅವನು ಹೇಳಲಿಲ್ಲ. ಹೇಗೆ ಹೇಳುವುದು ಎಂದು ಮುಂದೂಡಿದ. ಅಷ್ಟರಲ್ಲಿ ಡಿಸೆಂಬರಿನ ವಿಜಯೋತ್ಸವಕ್ಕೆ ದೇವದುರ್ಗದ ಸಂಘವೊಂದು ಅವನನ್ನು ಕರೆಯಿತು. ಪದಕಗಳನ್ನು ತನ್ನಿ, ನಮ್ಮ ತಾಲೂಕಿನ ವೀರನ ಬಗ್ಗೆ ಮಾತಾಡಿ ಎಂದರು. ಸ್ವಪ್ನಾ ಅವತ್ತು ಚೇಷ್ಟೆ ಮಾಡಲಿಲ್ಲ. "ಹೇಳೋದಿದ್ರ ಮೊದ್ಲ ಆಕಿ ಮನಿಗೆ ಹೋಗಿ ಆಕಿಗೆ ಹೇಳ್ರಿ. ಮಂದಿಗೆ ಆಮ್ಯಾಲ," ಎಂದಳು. ಸಭೆಯಲ್ಲಿ ವಿಮಾನ ಮೇಲೇರುವ ತನಕ ಮಾತ್ರ ಹೇಳುತ್ತೇನೆ, ಮುಂದಿನದನ್ನು ಮಸರಕಲ್ಲಿಗೆ ಹೋಗಿ ಸಾವಕಾಶ ಹೇಳುತ್ತೇನೆ ಎಂದು ಬಸವಪ್ರಸಾದ ಮಾತು ತೇಲಿಸಿದ. ಹನುಮಂತಮ್ಮನನ್ನು ಕರೆತರಲು ಕಾರು ಬೇರೆ ಕಳಿಸಿದ.

ಅವಳು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಒಂದು ಪಕ್ಕ ಪ್ರಭುರಾಜ, ಇನ್ನೊಂದು ಪಕ್ಕ ಭಾಗ್ಯಜ್ಯೋತಿ. ಹಿಂದೆ ಕಾಲೇಜಿನ ಹುಡುಗರು ಮೊಬೈಲಿನಲ್ಲಿ ಮುಳುಗಿದ್ದರು. ಬಸವಪ್ರಸಾದ ಮೈಕಿನ ಮುಂದೆ ನಿಂತು ಅಯ್ಯಪ್ಪ ಕುರಿ ಮೇಯಿಸುತ್ತಲೇ ಓದಿದ್ದನ್ನು ಹೇಳಿದ, ವಾಯುಸೇನೆ ಸೇರಿದ್ದನ್ನು ಹೇಳಿದ. ವಿಮಾನ ಮೇಲೇರಿತು. ಹುಡುಗರು ಒಬ್ಬೊಬ್ಬರಾಗಿ ಮೊಬೈಲು ಕೆಳಗಿಟ್ಟು ತಲೆ ಎತ್ತಿದರು. ಸಭೆ ಸ್ತಬ್ಧವಾಯಿತು. ಅಕ್ಕಿ ಗಿರಣಿಯ ಸದ್ದಿನಲ್ಲೇ ಬಾಳು ಸವೆಸಿದವನಿಗೆ, ತನ್ನ ಮಾತಿಗಾಗಿ ಅಷ್ಟು ಜನ ಸುಮ್ಮನಾದದ್ದು ಅದೇ ಮೊದಲು. ಅದು ನೆತ್ತಿಗೇರಿತು. ಅವನು ನಿಲ್ಲಿಸಲಿಲ್ಲ. ಗುಂಡು ತಾಗಿದ್ದು, ಬೆಂಕಿ ಹತ್ತಿದ್ದು, ರೇಡಿಯೋದ ದನಿ ಕಡಿದದ್ದು, ಹೊಳೆಯ ದಂಡೆ, ಎಲ್ಲವನ್ನೂ ಹೇಳಿದ. ಹೇಳುವಾಗ ಇಡೀ ಸಭೆಯನ್ನು ನೋಡಿದ, ಮುಂದಿನ ಸಾಲನ್ನು ಮಾತ್ರ ನೋಡಲಿಲ್ಲ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಮುಖ್ಯ ಅತಿಥಿ ಚೆಂಡುಹೂವಿನ ಹಾರ ಹಿಡಿದುಕೊಂಡು ಬಂದರು. ಪದಕಗಳೂ ಅಯ್ಯಪ್ಪನ ಫೋಟೋವೂ ಇದ್ದ ಕಟ್ಟು ಬಸವಪ್ರಸಾದನ ಎರಡು ಕೈಯಲ್ಲಿತ್ತು. ಬ್ಯಾಡ್ರಿ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅತಿಥಿಗಳು ಎದುರಿಗಿದ್ದರು, ಕ್ಯಾಮೆರಾದವರು ಇತ್ತ ನೋಡ್ರಿ ಸಾವ್ಕಾರ್ರ ಎನ್ನುತ್ತಿದ್ದರು. ಕಟ್ಟು ಅಗಲವಾಗಿದ್ದರಿಂದ ಹಾರ ಮೂಲೆಗೆ ಸಿಕ್ಕಿಕೊಂಡು ಕೆಳಗಿಳಿಯಲಿಲ್ಲ. ಆಗ ಬಸವಪ್ರಸಾದ ಕಟ್ಟನ್ನು ತುಸು ಬಾಗಿಸಿದ. ಹಾರ ಜಾರಲೆಂದು ಹೆಬ್ಬೆರಳನ್ನು ಎತ್ತಿದ. ಹಾರ ಇಳಿದು ಅಯ್ಯಪ್ಪನ ಮುಖದ ಸುತ್ತ ನಿಂತಿತು. ಬಸವಪ್ರಸಾದ ಕ್ಯಾಮೆರಾ ನೋಡಿ ನಕ್ಕ.

ಹನುಮಂತಮ್ಮ ಕೂಗಲಿಲ್ಲ, ಎದ್ದು ಹೋಗಲೂ ಇಲ್ಲ. ಸೆರಗನ್ನು ತಲೆಯ ಮೇಲೆ ಎಳೆದು, ಹಣೆ ಮುಚ್ಚುವಷ್ಟು ಮುಂದೆ ತಂದುಕೊಂಡಳು. ಬಸವಪ್ರಸಾದ ಶಾಲು ಹೊದ್ದು ಕೆಳಗಿಳಿಯುವಷ್ಟರಲ್ಲಿ ಅವರು ಮೂವರೂ ಹೋಗಿಬಿಟ್ಟಿದ್ದರು. ಅವನ ಕಾರಿನಲ್ಲಿ ಹೋಗಲಿಲ್ಲ, ಬಸ್ ನಿಲ್ದಾಣಕ್ಕೆ ನಡೆದು ಹೋದರು ಎಂದು ಚಾಲಕ ಹೇಳಿದ.

ನಾಚಿಕೆ ಅವತ್ತೇ ಬಂದಿತೆಂದರೆ ಕೇಳುವವರಿಗೆ ಸಮಾಧಾನ. ಬರಲಿಲ್ಲ. ಮರುದಿನ ಪತ್ರಿಕೆಯಲ್ಲಿ ಬಣ್ಣದ ಫೋಟೋ ಬಂತು: ಹಾರ, ಅಯ್ಯಪ್ಪ, ಹಲ್ಲು ಬಿಟ್ಟ ಬಸವಪ್ರಸಾದ. ಗಿರಣಿಗೆ ಬಂದ ಫೋನುಗಳಿಗೆ ಅವನು ಉಬ್ಬಿದ. ಚಿತ್ರ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದ. ಮುದುಕಿಗೆ ನೋವಾಗಿರಬಹುದು ಎಂದು ಒಮ್ಮೆ ಅನ್ನಿಸಿತು. ಸತ್ಯ ಎಂದಾದರೂ ತಿಳಿಯಲೇಬೇಕಲ್ಲ ಎಂದು ಆ ಅನ್ನಿಸಿಕೆಯ ಬಾಯಿ ಮುಚ್ಚಿಸಿದ.

ಕೆಲವು ದಿನಗಳ ಮೇಲೆ ಪ್ರಭುರಾಜನ ಫೋನು ಬಂತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಭಾಗ್ಯಜ್ಯೋತಿಯ ಮದುವೆ ಗೊತ್ತಾಗಿತ್ತು. ಹಿರೇಕೊಟ್ನೆಕಲ್ಲಿನ ಬೀಗರು ಪತ್ರಿಕೆ ನೋಡಿದ್ದರು. ಸಾವು ತಿಳಿದ ಮೇಲೆ ಮೊದಲು ದಿನ ಮಾಡಿ ಮನೆ ಶುದ್ಧ ಮಾಡಿಕೊಳ್ಳಿ, ಆಮೇಲೆ ಮದುವೆ ಎಂದು ಹಿರಿಯರು ಮೆತ್ತಗೇ ಹೇಳಿ ಕಳಿಸಿದ್ದರು. ಒನಕೆಯ ಮಾತನ್ನು ಅವರು ಎತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

"ಯಾರೂ ಏನೂ ಅನ್ನೋದ್ರಾಗ ದೊಡ್ಡವ್ವ ತಾನ ಬಳಿ ತಗದಿಟ್ಲ್ರಿ. ಕುಂಕುಮ ಒರಸ್ಕೊಂಡ್ಲು. ನಿಮಗ ಗೊತ್ತಿರ್ಲಿ ಅಂತ ಫೋನ್ ಮಾಡೀನಿ, ಅಷ್ಟ್ರಿ," ಎಂದು ಪ್ರಭುರಾಜ ಫೋನಿಟ್ಟ.

ಆಗ ಬಂತು ನಾಚಿಕೆ. ಬಂದದ್ದು ಹೋಗಲಿಲ್ಲ. ಊಟಕ್ಕೆ ಕೂತರೆ ಬಲಗೈಯ ಹೆಬ್ಬೆರಳು ಕಣ್ಣಿಗೆ ಬೀಳುತ್ತಿತ್ತು. ಲಿಂಗಪೂಜೆಗೆ ಕೂತರೆ ಅಂಗೈಯ ಮೇಲಿನ ಲಿಂಗವನ್ನು ನೋಡಲಾಗುತ್ತಿರಲಿಲ್ಲ. ಆಲ್ಬಮ್ಮಿನ ಚಿತ್ರ ಕಿತ್ತು ಹರಿದ. ಆದರೆ ಆ ಪತ್ರಿಕೆ ಜಿಲ್ಲೆಯ ಎಲ್ಲ ಮನೆಗಳಲ್ಲಿ ಇತ್ತು. ತಾನು ಕೆಟ್ಟವನಲ್ಲ ಎಂದುಕೊಂಡೇ ಇಷ್ಟು ವರ್ಷ ಬದುಕಿದವನಿಗೆ ತನ್ನ ಮುಖವೇ ಹೇಸಿಗೆಯಾಯಿತು.

ಅರಿಷಿಣ ಕುಟ್ಟುವ ದಿನವೇ ಅವನು ಮಸರಕಲ್ಲಿಗೆ ಹೋದ. ಹಾರ ತೆಗೆದು ಗಾಜು ಒರೆಸಿದ ಕಟ್ಟು ಕಂಕುಳಲ್ಲಿತ್ತು. ಜೇಬಿನಲ್ಲಿ ಪತ್ರಿಕೆಗೆ ಕೊಡಲು ಬರೆದ ಹೇಳಿಕೆ ಇತ್ತು: ಸಾರ್ಜೆಂಟ್ ಅಯ್ಯಪ್ಪನವರ ಮರಣಕ್ಕೆ ಖಚಿತ ಸಾಕ್ಷ್ಯವಿಲ್ಲ, ನಾನು ಹೇಳಿದ್ದು ತಪ್ಪು. ಮೈಕಿನಲ್ಲಿ ಸತ್ಯ ಹೇಳಿ ಕೆಟ್ಟವನು ಪತ್ರಿಕೆಯಲ್ಲಿ ಸುಳ್ಳು ಹೇಳಿ ಸರಿ ಮಾಡಲು ಹೊರಟಿದ್ದ. ಅಷ್ಟು ದೊಡ್ಡ ಗಿರಣಿ ನಡೆಸುವವನ ಬುದ್ಧಿ ಅಲ್ಲಿಗೆ ಬಂದು ನಿಂತಿತ್ತು.

ಬಾಗಿಲಲ್ಲಿ ಪ್ರಭುರಾಜ ಎದುರಾದ. ದೊಡ್ಡಪ್ಪನ ದಿನ ಮಾಡಿ ತಲೆ ಬೋಳಿಸಿಕೊಂಡಿದ್ದ, ಇನ್ನೂ ಕೂದಲು ಚಿಗುರಿರಲಿಲ್ಲ. ಬರ್ರಿ ಎಂದನೇ ಹೊರತು ಕಣ್ಣು ಕೊಟ್ಟು ನೋಡಲಿಲ್ಲ. ಹಂದರದ ಕೆಳಗೆ ಒರಳಿಗೆ ಸುಣ್ಣ ಬಳಿದು, ಒನಕೆಗೆ ಅರಿಷಿಣದ ಬೇರು ಕಟ್ಟಿದ್ದರು. ಸುತ್ತ ಹೆಂಗಸರು ಹಾಡಿಗೆ ಬಾಯಿ ತೆರೆದು ನಿಂತಿದ್ದರು, ಹಾಡು ಮಾತ್ರ ಶುರುವಾಗಿರಲಿಲ್ಲ. ಮೊದಲ ಕೈ ಯಾರದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಪಕ್ಕದ ಮನೆಯ ಮುದುಕಮ್ಮನನ್ನು ಕೈ ಹಿಡಿದು ಮುಂದೆ ತಂದರು. ಆಕೆ ಒನಕೆ ಮುಟ್ಟುವ ಮೊದಲು ಒಮ್ಮೆ ಹಿತ್ತಲಿನ ಕಡೆ ನೋಡಿದಳು.

ಹಿತ್ತಲಿನಲ್ಲಿ ಹನುಮಂತಮ್ಮ ಒಬ್ಬಳೇ ಕೂತು ಅಕ್ಕಿ ಆರಿಸುತ್ತಿದ್ದಳು. ಬಳೆ ಇದ್ದ ಜಾಗದಲ್ಲಿ ಮುಂಗೈ ಬೆಳ್ಳಗೆ ಬೇರೆ ಯಾರದೋ ಕೈಯಂತೆ ಕಂಡಿತು. ಅಷ್ಟು ವರ್ಷ ಕುಂಕುಮ ಕೂತ ಹಣೆಯಲ್ಲಿ ಕಪ್ಪನೆಯ ಗುಂಡು ಕಲೆ ಉಳಿದಿತ್ತು. ಬಸವಪ್ರಸಾದ ಕಟ್ಟನ್ನು ಗೋಡೆಗೆ ಆನಿಸಿ ಅವಳ ಕಾಲಿಗೆ ಬಿದ್ದ. ಏಳ್ರಿ, ಮಂದಿ ನೋಡ್ತಾರ ಎಂದು ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಅವನು ತೊದಲುತ್ತ ಹೇಳಿಕೆಯ ಕಾಗದ ತೆಗೆದು ಓದಿದ. ನಾಳೆಯೇ ಅಚ್ಚು ಹಾಕಿಸುತ್ತೇನೆ ಎಂದ. ಹನುಮಂತಮ್ಮ ಮೊರದಿಂದ ಕಣ್ಣೆತ್ತಿದಳು.

"ಅವ್ರು ಇಲ್ಲಂತ ನನಗ ಗೊತ್ತಿದ್ದಿಲ್ಲೇನ್ರಿ ಸಾವ್ಕಾರ್ರ? ವಿಮಾನ ತಿರುಗಿ ಬರ್ಲಿಲ್ಲಂತ ತಾರು ಬಂದ ದಿನಾನ ಗೊತ್ತಾತು. ಮೈಯಾಗಿನ ಜೀವ ಹೋದಂಗ ಆಗಿತ್ತು. ಏನ್ ಮಾಡ್ತಿಯವ್ವಾ ಅಂತ ನಮ್ಮ ಮಾವ ಕೇಳಿದ. ಅವ್ರ ಮಾರಿ ನೋಡ್ಲಾರ್ದ ಬಳಿ ಒಡಿಯಂಗಿಲ್ಲ ಅಂದೆ. ಊರಿಗೂ ಗೊತ್ತಿತ್ತು. ಊರು ಸುಮ್ಮನ ಇತ್ತು. ಇಷ್ಟ್ ವರ್ಸ ಒಬ್ರೂ ಬಾಯಿ ತಗಿಲಿಲ್ರಿ."

ಬಸವಪ್ರಸಾದನ ಕೈಯಲ್ಲಿದ್ದ ಕಾಗದ ಮುದುಡಿತು. ದಾರಿ ಕಾಯುತ್ತಿದ್ದಾಳೆ ಎಂದು ತಾನು ಕನಿಕರಪಟ್ಟದ್ದು ಯಾರ ಬಗ್ಗೆ? ಬ್ಯಾಂಕಿನವರು, ಬಳೆಗಾರ, ಒನಕೆಗೆ ಅವಳನ್ನು ಕರೆದ ಮನೆಮನೆಯವರು, ಯಾರೂ ಲಿಂಗ ಮುಟ್ಟಿ ಆಣೆ ಮಾಡಿದವರಲ್ಲ. ಅವರೆಲ್ಲ ಮಾತು ಉಳಿಸಿಕೊಂಡಿದ್ದರು. ಆಣೆ ಮಾಡಿದವನು ತಾನೊಬ್ಬನೇ.

"ಕೊನಿಗೆ ಏನಾತಂತ ಮೈಕಿನ್ಯಾಗ ಹೇಳಿದ್ರಿ," ಎಂದಳು ಅವಳು ಅಕ್ಕಿಯೊಳಗಿನ ಕಲ್ಲೊಂದನ್ನು ಆರಿಸಿ ಎಸೆದು. "ಆ ಸದ್ದಿನ್ಯಾಗ ನನಗ ನೆಟ್ಟಗ ಕೇಳಿಸ್ಲಿಲ್ಲ. ಈಗ ಹೇಳ್ರಿ."

ಅಷ್ಟು ದೊಡ್ಡ ಸಭೆಗೆ ನಿರರ್ಗಳವಾಗಿ ಹೇಳಿದ್ದನ್ನು ಒಬ್ಬ ಹೆಂಗಸಿಗೆ ಹೇಳಲು ಅವನು ಒಂದೊಂದು ಮಾತನ್ನೂ ಹುಡುಕಬೇಕಾಯಿತು. ಗುಂಡು ಎಂದ, ನಿಲ್ಲಿಸಿದ. ಬೆಂಕಿ ಎನ್ನಲಾಗಲಿಲ್ಲ. ಹೊಳೆಯ ದಂಡೆಯಲ್ಲಿ ಬಿತ್ತು, ಅಲ್ಲಿಯ ಜನ ಚೆನ್ನಾಗಿ ನೋಡಿಕೊಂಡರು ಎಂದ. ಸುಟ್ಟರೋ, ಮಣ್ಣು ಮಾಡಿದರೋ ಎಂದು ಅವಳು ಕೇಳಿದಳು. ಮಣ್ಣು ಮಾಡಿದರಂತೆ ಎಂದ. ಮಣ್ಣು ಕೊಡುವುದು ಅವರ ಮನೆತನದ ಪದ್ಧತಿ. ಹನುಮಂತಮ್ಮ ತಲೆಯಾಡಿಸಿದಳು. ಮೊರದಲ್ಲಿನ ಅಕ್ಕಿಯ ಮೇಲೆ ಅವಳ ಕಣ್ಣೀರು ಬಿತ್ತು. ಆ ಕಾಳುಗಳನ್ನು ಬೇರೆ ಮಾಡಿ ಪಕ್ಕಕ್ಕೆ ಸರಿಸಿದಳು, ಮದುವೆಯ ಅಕ್ಕಿ ಅದು.

ಅವನು ಕಟ್ಟನ್ನು ಅವಳ ಮುಂದಿಟ್ಟ. ಲಾಗ್‌ಬುಕ್ಕು, ಚಿತ್ರ, ಎಲ್ಲವೂ ಇದೆ, ತೆಗೆದುಕೊಳ್ಳಿ ಎಂದ. ಅವಳು ಮುಟ್ಟಲಿಲ್ಲ.

"ಹಾರ ತಗದು ತಂದೀರಿ," ಎಂದಳು. "ಹಾಕಿದ್ದು ಹೋಗ್ತದೇನ್ರಿ? ನಿಮ್ಮಲ್ಲೇ ಇರ್ಲಿ. ನಿಮಗ ಬೇಕಾಗಿದ್ದು ಈ ಬಿಲ್ಲಿಗಳ ಅಲ್ಲೇನ್ರಿ."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದಳು. ಮೊದಲ ದಿನವೇ ಕಂಡಿದ್ದಳೋ ಏನೋ ಎನ್ನಿಸಿ ಬಸವಪ್ರಸಾದ ನೆಲದಲ್ಲಿ ಹುದುಗಿಹೋಗಲು ಜಾಗ ಹುಡುಕಿದ. ಅವಳು ಖಾಲಿ ಕೊಡ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಬೇಡವೆಂದವರ ಮನೆಯಲ್ಲಿ ಕಟ್ಟನ್ನು ಬಿಟ್ಟು ಹೋಗಲು ಬರುವಂತಿರಲಿಲ್ಲ. ಜೀವಮಾನವಿಡೀ ಬಯಸಿದ ಪೂರ್ತಿ ಗುಂಪನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಹಂದರ ದಾಟಿ ಬೀದಿಗೆ ಬಂದ.

ಕಾರಿನ ಬಾಗಿಲು ತೆರೆಯುವಾಗ ಓಣಿಯ ತುದಿಯಲ್ಲಿ ಹನುಮಂತಮ್ಮ ಕಂಡಳು. ತುಂಬಿದ ಕೊಡ ನಡುವಿನ ಮೇಲಿತ್ತು. ಅವನು ಹೊರಟು ನಿಂತದ್ದನ್ನು ನೋಡಿ ಅವಳು ಅಲ್ಲೇ ನಿಂತಳು. ಆಮೇಲೆ ಪಕ್ಕಕ್ಕೆ ಸರಿದು, ಬಿದ್ದ ಮನೆಯೊಂದರ ಗೋಡೆಯ ಮರೆಗೆ ಹೋದಳು. ಪ್ರಯಾಣ ಹೊರಟವನ ಎದುರಿಗೆ ಈಗ ಅವಳು ಬರುವಂತಿರಲಿಲ್ಲ.

ಬಸವಪ್ರಸಾದ ಬಾಗಿಲು ಹಿಡಿದುಕೊಂಡೇ ನಿಂತ. ಅವಳು ಎದುರಿಗೆ ಬರುವ ತನಕ ಹೋಗಕೂಡದು ಎಂದುಕೊಂಡ.

"ಬರ್ರಿ ಯವ್ವಾ. ಎದುರಿಗೆ ಬರ್ರಿ," ಎಂದ.

"ಮೊದ್ಲ ನೀವು ಹೋಗ್ರಿ," ಎಂದಿತು ಗೋಡೆಯ ಮರೆಯ ದನಿ.

ಅವನು ಕದಲಲಿಲ್ಲ, ಅವಳೂ ಬರಲಿಲ್ಲ. ಗೋಡೆಯ ಅಂಚಿನಿಂದ ಅವಳ ಮೊಣಕೈ ಮಾತ್ರ ಕಾಣುತ್ತಿತ್ತು. ಕೊಡದ ಭಾರಕ್ಕೆ ಅದು ನಡುಗುತ್ತಿತ್ತು. ತುಂಬಿದ ಕೊಡವನ್ನು ಅವಳು ಕೆಳಗೆ ಇಳಿಸಲಿಲ್ಲ. ತಾನು ನಿಂತಷ್ಟು ಹೊತ್ತೂ ಆ ಮುದುಕಿ ಭಾರ ಹೊತ್ತು ನಿಲ್ಲುತ್ತಾಳೆ ಎಂದು ಹೊಳೆಯಲು ಅವನಿಗೆ ಅಷ್ಟು ಹೊತ್ತು ಬೇಕಾಯಿತು.

ಅವನು ಕಾರು ಹತ್ತಿದ. ಕಟ್ಟನ್ನು ಪಕ್ಕದ ಸೀಟಿನ ಮೇಲಿಟ್ಟು, ಗೋಡೆಯ ಕಡೆ ನೋಡದೆ ಓಣಿ ದಾಟಿದ. ತಿರುವಿನಲ್ಲಿ ಕನ್ನಡಿಯೊಳಗೆ ನೋಡಿದರೆ ಹನುಮಂತಮ್ಮ ಬೀದಿಗೆ ಬಂದು ಕೊಡ ಸರಿಪಡಿಸಿಕೊಂಡು ಮನೆಯ ಕಡೆ ನಡೆಯುತ್ತಿದ್ದಳು.